ಚಾವಡಿಯ ಟಿವಿಗೊಂದು ಅಗ್ಗದ ಕಂಪ್ಯೂಟರ್: ಪದೇ ಪದೇ ಕೇಳುವ ಪ್ರಶ್ನೆಗಳು

ತಿರುಗಾಟದ ಕೊನೆಯ ದಿನವಾದ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ನನಗೆ ಬರುವ ಫೋನುಗಳು ಹೆಚ್ಚಾಗುತ್ತವೆ. ಹೊರಗೆ ಮಳೆ, ಆಟವಿಲ್ಲ. ಕಾಸರಗೋಡಿನ ಕುಂಬಳೆ, ಬದಿಯಡ್ಕ, ಪೆರ್ಲದ ಕಡೆಯ ಮನೆಗಳಲ್ಲಿ ಕಪಾಟಿನ ಬಾಗಿಲು ತೆರೆದರೆ ಹಳೆಯ ಆಟಗಳ ಡಿವಿಡಿ, ಮದುವೆಯ ಸಿಡಿ, ತಾಳಮದ್ದಳೆಯ ಮೆಮರಿ ಕಾರ್ಡುಗಳು ಕಾಣುತ್ತವೆ. ಇವನ್ನೆಲ್ಲ ಒಂದು ಕಡೆ ತುಂಬಿಸಿ, ಮನೆಯ ಯಾವ ಟಿವಿಯಲ್ಲಿ ಬೇಕಾದರೂ ನೋಡುವ ವ್ಯವಸ್ಥೆ ಮಾಡಿಕೊಡಿ ಎಂದು ಕೇಳುವವರು ಅನೇಕರು. ನಾನು ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದವನು. ಕಂಪ್ಯೂಟರ್ ಕಲಿತದ್ದು ಕೆಡಿಸಿ ಕೆಡಿಸಿ. ಕೇಳಿದವರ ಮಾತಿನಲ್ಲಿಯೇ ಪ್ರಶ್ನೆಗಳನ್ನು ಬರೆದಿದ್ದೇನೆ.

## ಕೊಳ್ಳುವ ಮೊದಲು

ನಮ್ಮದು ಸ್ಮಾರ್ಟ್ ಟಿವಿ. ಮತ್ತೆ ಈ ಕಂಪ್ಯೂಟರ್ ಯಾಕೆ?

ಯೂಟ್ಯೂಬ್ ಮತ್ತು ಚಂದಾ ಕಟ್ಟಿದ ಆ್ಯಪ್‌ಗಳು ಮಾತ್ರ ಸಾಕು ಎಂದಾದರೆ ಬೇಡವೇ ಬೇಡ. ನಿಮ್ಮದೇ ಸಂಗ್ರಹ ಇದ್ದಾಗ ಮಾತ್ರ ಇದರ ಅಗತ್ಯ. ಟಿವಿಯ ಹಿಂದಿನ ಯುಎಸ್‌ಬಿ ಕಿಂಡಿಗೆ ಪೆನ್‌ಡ್ರೈವ್ ಸಿಕ್ಕಿಸಿದರೆ ಕೆಲವು ಫೈಲ್ ಓಡುತ್ತದೆ, ಕೆಲವು ಓಡುವುದಿಲ್ಲ; ಕೆಲವಕ್ಕೆ ಚಿತ್ರ ಬಂದು ಧ್ವನಿ ಬರುವುದಿಲ್ಲ. ಟಿವಿ ತಯಾರಕರು ಐದಾರು ವರ್ಷಗಳಲ್ಲಿ ಹೊಸ ತಂತ್ರಾಂಶ ಕೊಡುವುದನ್ನು ನಿಲ್ಲಿಸುತ್ತಾರೆ. ಪರದೆ ಗಟ್ಟಿಮುಟ್ಟಾಗಿದ್ದರೂ ಒಳಗಿನ ಬುದ್ಧಿಗೆ ಮುಪ್ಪು ಬರುತ್ತದೆ. ಪಕ್ಕದಲ್ಲೊಂದು ಸಣ್ಣ ಕಂಪ್ಯೂಟರ್ ಇದ್ದರೆ ಟಿವಿ ಬರೀ ಪರದೆಯಾಗಿ ಉಳಿಯುತ್ತದೆ, ಅಷ್ಟೇ ಸಾಕು.

ಎಷ್ಟು ಖರ್ಚಾಗುತ್ತದೆ ಮಾಷ್ಟ್ರೇ? ಇಪ್ಪತ್ತು ಸಾವಿರ ಮೀರಿದರೆ ಮನೆಯಲ್ಲಿ ಒಪ್ಪುವುದಿಲ್ಲ.

ಮೀರುವ ಅಗತ್ಯವಿಲ್ಲ. ಕಚೇರಿಗಳಿಂದ ಹೊರಬಿದ್ದ ಅಂಗೈಯಗಲದ ಮಿನಿ ಪಿಸಿಗಳು, ಅಂದರೆ ಡೆಲ್ ಆಪ್ಟಿಪ್ಲೆಕ್ಸ್ ಮೈಕ್ರೋ, ಲೆನೊವೊ ಥಿಂಕ್‌ಸೆಂಟರ್ ಟೈನಿ, ಎಚ್‌ಪಿ ಮಿನಿ ಇಂಥವು, ದುರಸ್ತಿಯಾಗಿ ಮತ್ತೆ ಮಾರಾಟಕ್ಕೆ ಬರುತ್ತವೆ. ನಾನು ಕೊಂಡದ್ದು ಹತ್ತು ಸಾವಿರದೊಳಗೆ. ಉಳಿದ ಹಣವನ್ನು ಎರಡು ಹಾರ್ಡ್‌ಡಿಸ್ಕ್‌ಗೆ ಮತ್ತು ಒಳ್ಳೆಯ ತಾಮ್ರದ ನೆಟ್‌ವರ್ಕ್ ಕೇಬಲ್‌ಗೆ ಹಾಕಿದೆ. ಜನ ಇದನ್ನು ತಿರುವುಮುರುವಾಗಿ ಮಾಡುತ್ತಾರೆ. ದುಬಾರಿ ಪ್ರೊಸೆಸರ್ ಕೊಂಡು ಒಂದೇ ಡಿಸ್ಕ್ ಇಟ್ಟುಕೊಂಡು ವೈಫೈಯನ್ನು ನಂಬುತ್ತಾರೆ.

ಅಂಗಡಿಯವರು ಐ5, ಐ7 ಎನ್ನುತ್ತಾರೆ. ನಾವು ನೋಡಬೇಕಾದದ್ದು ಯಾವುದನ್ನು?

ಆ ಐದು, ಏಳು ನಮಗೆ ಮುಖ್ಯವಲ್ಲ. ಅದರ ನಂತರ ಬರುವ ಸಂಖ್ಯೆಯನ್ನು ನೋಡಿ. ಐ5-7500ಟಿ ಎಂದಿದ್ದರೆ ಮೊದಲ 7 ಅದರ ತಲೆಮಾರು. ಕೊನೆಯ ಟಿ ಎಂದರೆ ಕಡಿಮೆ ವಿದ್ಯುತ್ ಬಳಸುವ ಮಾದರಿ.

ತಲೆಮಾರು ಯಾಕೆ ಮುಖ್ಯವೆಂದರೆ, ಒತ್ತಿ ಸಣ್ಣದಾಗಿಸಿಟ್ಟ ವಿಡಿಯೊವನ್ನು ಬಿಡಿಸುವ ಕೆಲಸಕ್ಕೆಂದೇ ಚಿಪ್ಪಿನೊಳಗೆ ಪ್ರತ್ಯೇಕ ಭಾಗವಿದೆ. ಇಂಟೆಲ್ ಇದನ್ನು ಕ್ವಿಕ್ ಸಿಂಕ್ ಎಂಬ ಹೆಸರಿನಲ್ಲಿ 2011ರಿಂದ ಕೊಡುತ್ತಿದೆ. ಯಾವ ಬಗೆಯ ವಿಡಿಯೊ ಅದಕ್ಕೆ ಗೊತ್ತು ಎಂಬುದು ತಲೆಮಾರನ್ನು ಅವಲಂಬಿಸಿದೆ. ಎಚ್.264, ಎಚ್.265, ಎವಿ1 ಇವು ಹಾಗೆ ಒತ್ತುವ ವಿಧಾನಗಳು, ಒಂದಕ್ಕಿಂತ ಒಂದು ಹೊಸದು. 6ನೆಯ ತಲೆಮಾರಿಗೆ ಸಾಮಾನ್ಯ ಎಚ್.265 ಗೊತ್ತು, ಬಣ್ಣಗಳನ್ನು ಇನ್ನಷ್ಟು ಸೂಕ್ಷ್ಮವಾಗಿ ಇಡುವ 10 ಬಿಟ್ ಎಚ್.265 ಪೂರ್ತಿಯಾಗಿ ಗೊತ್ತಾದದ್ದು 7ನೆಯದಕ್ಕೆ. ಎವಿ1 ಬಿಡಿಸುವುದು ಬಂದದ್ದು 11ರಲ್ಲಿ. ಗೊತ್ತಿರುವ ವಿಡಿಯೊ ಆದರೆ ಯಂತ್ರ ತಣ್ಣಗಿರುತ್ತದೆ. ಗೊತ್ತಿಲ್ಲದ್ದಾದರೆ ಮುಖ್ಯ ಪ್ರೊಸೆಸರೇ ಬೆವರಿಳಿಸಿ ಬಿಡಿಸಬೇಕು. ಹಾಗಾಗಿ 4ನೆಯ ತಲೆಮಾರಿನ ಐ7ಗಿಂತ 7ನೆಯ ತಲೆಮಾರಿನ ಐ3 ನಮ್ಮ ಕೆಲಸಕ್ಕೆ ಮೇಲು.

ಇನ್ನೊಂದು ಅನುಕೂಲವೂ ಒದಗಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಸಾಮಾನ್ಯವಾಗಿ 8ನೆಯ ತಲೆಮಾರು ಮತ್ತು ಅದರ ಮೇಲಿನದ್ದನ್ನೇ ಕೇಳುತ್ತದೆ. ಹೀಗಾಗಿ 6 ಮತ್ತು 7ನೆಯ ತಲೆಮಾರಿನ ಯಂತ್ರಗಳನ್ನು ಕಚೇರಿಗಳು ಕೈಬಿಡುತ್ತಿವೆ. ನಾವು ಹಾಕುವುದು ವಿಂಡೋಸಿನ ಬದಲಿಗೆ ಲಿನಕ್ಸ್ ಎಂಬ ಉಚಿತ ವ್ಯವಸ್ಥೆ ಆದ್ದರಿಂದ ಅವರ ಕಸ ನಮ್ಮ ರಸ. ಹೊಸದೇ ಬೇಕೆನ್ನುವವರು ಇಂಟೆಲ್ ಎನ್100 ಚಿಪ್ ಇರುವ ಮಿನಿ ಪಿಸಿ ನೋಡಬಹುದು, ಅದಕ್ಕೆ ಎವಿ1 ಕೂಡ ಗೊತ್ತು.

ಕೊಳ್ಳುವಾಗ ಹಿಂಬದಿಯನ್ನು ನೋಡಲು ಮರೆಯಬೇಡಿ. ಹಲವು ಕಚೇರಿ ಯಂತ್ರಗಳಲ್ಲಿ ಎಚ್‌ಡಿಎಂಐ ಇರುವುದಿಲ್ಲ, ಡಿಸ್‌ಪ್ಲೇಪೋರ್ಟ್ ಮಾತ್ರ ಇರುತ್ತದೆ. ಪರಿವರ್ತಕ ಕೊಂಡೇ ಮನೆಗೆ ಬನ್ನಿ, ಇಲ್ಲದಿದ್ದರೆ ಇನ್ನೊಂದು ಸಲ ಮಂಗಳೂರಿನ ಬಸ್ ಹತ್ತಬೇಕು.

ರಾಸ್ಪ್‌ಬೆರಿ ಪೈ ಸಾಲದೇ?

ಪೈ ಎಂದರೆ ಒಂದೇ ಹಲಗೆಯ ಪುಟ್ಟ ಕಂಪ್ಯೂಟರ್. ಬರೀ ನೋಡುವುದಕ್ಕೆ ಧಾರಾಳ ಸಾಕು. 2019ರ ಪೈ 4 ಎಚ್.265ರ 4ಕೆ ವಿಡಿಯೊವನ್ನೂ ಸುಲಭವಾಗಿ ಬಿಡಿಸುತ್ತದೆ. 2023ರ ಪೈ 5ರಲ್ಲಿ ಎಚ್.264ಕ್ಕಿದ್ದ ಪ್ರತ್ಯೇಕ ಭಾಗವನ್ನು ತೆಗೆದಿದ್ದಾರೆ. ಪ್ರೊಸೆಸರಿಗೆ ಬಲ ಇರುವುದರಿಂದ ಫುಲ್ ಎಚ್‌ಡಿಗೆ ತೊಂದರೆಯಿಲ್ಲ. ಆದರೆ ಪೆಟ್ಟಿಗೆ, ವಿದ್ಯುತ್ ಅಡಾಪ್ಟರ್, ಕಾರ್ಡ್ ಎಲ್ಲ ಸೇರಿಸಿ ಲೆಕ್ಕ ಹಾಕಿದರೆ ಹಳೆಯ ಮಿನಿ ಪಿಸಿಯ ಬೆಲೆಗೆ ಹತ್ತಿರ ಬರುತ್ತದೆ. ನನ್ನ ಪದ್ಧತಿ: ಸಂಗ್ರಹ ಇಡುವುದು ಮಿನಿ ಪಿಸಿಯಲ್ಲಿ, ಎರಡನೆಯ ಟಿವಿಗೆ ಪೈ.

ಮೂಲೆಯಲ್ಲಿ ಬಿದ್ದಿರುವ ಹಳೆಯ ಡೆಸ್ಕ್‌ಟಾಪನ್ನೇ ಬಳಸಬಹುದಲ್ಲ?

ಬಳಸಬಹುದು, ವಿದ್ಯುತ್ ಬಿಲ್ಲಿಗೆ ಸಿದ್ಧರಿದ್ದರೆ. ಸುಮ್ಮನೆ ಕುಳಿತಾಗಲೂ 70 ವ್ಯಾಟ್ ನುಂಗುವ ಯಂತ್ರವನ್ನು ಹಗಲು ರಾತ್ರಿ ಇಟ್ಟರೆ 60 ದಿನಕ್ಕೆ ಸುಮಾರು 100 ಯೂನಿಟ್. 10 ವ್ಯಾಟಿನ ಮಿನಿ ಪಿಸಿಗೆ ಅದೇ ಅವಧಿಯಲ್ಲಿ 14 ಯೂನಿಟ್ ಚಿಲ್ಲರೆ. ಕೇರಳದ ವಿದ್ಯುತ್ ಮಂಡಳಿ ಕೆಎಸ್‌ಇಬಿಯ ಬಿಲ್ಲು ಎರಡು ತಿಂಗಳಿಗೊಮ್ಮೆ ಬರುತ್ತದೆ, ಬಳಕೆ ಏರಿದಂತೆ ದರವೂ ಏರುತ್ತದೆ. ಪುಕ್ಕಟೆಯ ಯಂತ್ರ ಪುಕ್ಕಟೆಯಾಗಿ ಉಳಿಯುವುದಿಲ್ಲ.

## ತಂತಿ, ಗೋಡೆ, ಸಿಡಿಲು

ವೈಫೈ ಪೂರ್ತಿ ಕಡ್ಡಿ ತೋರಿಸುತ್ತದೆ, ಆದರೂ ವಿಡಿಯೊ ಸುತ್ತುತ್ತಾ ನಿಲ್ಲುತ್ತದೆ. ಯಾಕೆ?

ಕಡ್ಡಿಗಳು ಹೇಳುವುದು ಅಲೆ ಎಷ್ಟು ಜೋರಾಗಿ ಬರುತ್ತಿದೆ ಎಂಬುದನ್ನು ಮಾತ್ರ. ಎಷ್ಟು ಮಾಹಿತಿ ತಪ್ಪಿಲ್ಲದೆ ತಲುಪುತ್ತಿದೆ ಎಂಬುದು ಅದರಿಂದ ಗೊತ್ತಾಗುವುದಿಲ್ಲ. ನಮ್ಮ ಹಳೆಯ ಮನೆಗಳ ಗೋಡೆ ಮುರಕಲ್ಲಿನದ್ದು, ಬೇಕಲ ಕೋಟೆಯನ್ನು ಕಟ್ಟಿದ ಅದೇ ಕಲ್ಲು. ಮಳೆಗಾಲದಲ್ಲಿ ಅದು ನೀರನ್ನೂ ಹೀರಿಕೊಳ್ಳುತ್ತದೆ. ಒದ್ದೆ ಗೋಡೆ ಅಲೆಯನ್ನು ಇನ್ನಷ್ಟು ನುಂಗುತ್ತದೆ. ಅಂಥ ಎರಡು ಗೋಡೆ ದಾಟುವಷ್ಟರಲ್ಲಿ ವೈಫೈಯ 5 ಗಿಗಾಹರ್ಟ್ಸ್ ಅಲೆ ಸೊರಗಿರುತ್ತದೆ. 2.4 ಗಿಗಾಹರ್ಟ್ಸ್ ದಾಟುತ್ತದೆ, ಆದರೆ ಆ ದಾರಿಯಲ್ಲಿ ನೆರೆಮನೆಯ ವೈಫೈ, ಬ್ಲೂಟೂತ್, ಮೈಕ್ರೋವೇವ್ ಒಲೆ ಎಲ್ಲವುಗಳ ನೂಕುನುಗ್ಗಲು.

ಸಾಧಾರಣ ಫುಲ್ ಎಚ್‌ಡಿ ವಿಡಿಯೊಗೆ ಸೆಕೆಂಡಿಗೆ 8ರಿಂದ 15 ಮೆಗಾಬಿಟ್ ಬೇಕು. ಬ್ಲೂರೇ ಡಿಸ್ಕಿನಿಂದ ನೇರವಾಗಿ ತೆಗೆದದ್ದಾದರೆ 40ರವರೆಗೂ ಹೋಗುತ್ತದೆ. ಹಳೆಯ 100 ಮೆಗಾಬಿಟ್ ತಂತಿ ಕೂಡ ಇದನ್ನು ಹೊರುತ್ತದೆ. ಆದ್ದರಿಂದ ಅಟ್ಟದ ಮೇಲಿಂದ ಒಂದು ಕ್ಯಾಟ್5ಇ ಅಥವಾ ಕ್ಯಾಟ್6 ದರ್ಜೆಯ ನೆಟ್‌ವರ್ಕ್ ಕೇಬಲ್ ಎಳೆಸಿಬಿಡಿ. ಅಂಗಡಿಯಲ್ಲಿ ಎರಡು ವಿಷಯ ಕೇಳಿ. ಒಂದು, ಒಳಗಿರುವುದು ಪೂರ್ತಿ ತಾಮ್ರವೋ ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪವೋ; ಲೇಪದ್ದು ಬಾಗಿಸಿದಲ್ಲಿ ಮುರಿಯುತ್ತದೆ. ಎರಡು, ಎಂಟು ಎಳೆಗಳನ್ನೂ ಕನೆಕ್ಟರಿಗೆ ಸೇರಿಸುತ್ತಾರೋ ಎಂದು. ನಾಲ್ಕೇ ಎಳೆ ಸೇರಿಸಿದರೆ ಗಿಗಾಬಿಟ್ ವೇಗ ಸಿಗುವುದಿಲ್ಲ.

ಇಂಟರ್‌ನೆಟ್ ಹೋದರೆ ಇದೂ ನಿಲ್ಲುತ್ತದೆಯೇ?

ಇಲ್ಲ. ವಿಡಿಯೊ ನಿಮ್ಮ ಕೋಣೆಯಿಂದ ನಿಮ್ಮ ಚಾವಡಿಗೆ ಬರುವುದಷ್ಟೇ. ರೂಟರಿಗೆ ಕರೆಂಟ್ ಇದ್ದರೆ ಸಾಕು.

ಸಿಡಿಲು ಬರುವಾಗ ಸ್ವಿಚ್ ಆಫ್ ಮಾಡಿದರೆ ಸಾಲದೇ?

ಸಾಲದು. ಮೇ ತಿಂಗಳ ಸಂಜೆಗಳಲ್ಲಿ, ತುಲಾ ಮಾಸದ ಮಳೆಯಲ್ಲಿ ನಮ್ಮ ಕಡೆಯ ಸಿಡಿಲು ಹೇಗೆಂದು ಹೊಸದಾಗಿ ಹೇಳಬೇಕಿಲ್ಲ. ಸ್ವಿಚ್ಚಿನ ಒಳಗಿನ ಮಿಲಿಮೀಟರ್ ಅಂತರವನ್ನು ಹಾರಿ ಬರುವುದು ಅದಕ್ಕೆ ಲೆಕ್ಕವೇ ಅಲ್ಲ. ಪ್ಲಗ್ಗನ್ನೇ ಕಿತ್ತಿಡಬೇಕು. ಅದರ ಜೊತೆಗೆ ಡಿಶ್ಶಿನಿಂದ ಅಥವಾ ಕಂಬದಿಂದ ಬರುವ ಟಿವಿ ಕೇಬಲ್ಲನ್ನೂ ಕಳಚಬೇಕು. ನನ್ನ ಮೊದಲ ಯಂತ್ರ ಸತ್ತದ್ದು ಹಾಗೆಯೇ: ಪ್ಲಗ್ ಕಿತ್ತಿದ್ದೆ, ಡಿಶ್ಶಿನ ತಂತಿಯನ್ನು ಮರೆತಿದ್ದೆ. ಸೆಟ್‌ಟಾಪ್ ಪೆಟ್ಟಿಗೆಯಿಂದ ಟಿವಿಗೆ, ಟಿವಿಯಿಂದ ಎಚ್‌ಡಿಎಂಐ ಮೂಲಕ ಕಂಪ್ಯೂಟರಿಗೆ ಸಾಲಾಗಿ ಹೋಯಿತು. ಯುಪಿಎಸ್ ಇದೆಯಲ್ಲ ಎನ್ನುವವರಿಗೆ: ಅದು ಕರೆಂಟ್ ಹೋದಾಗ ಡಿಸ್ಕನ್ನು ಉಳಿಸುತ್ತದೆ, ಸಿಡಿಲಿನಿಂದ ಅಲ್ಲ.

## ತಂತ್ರಾಂಶ

ಕೋಡಿ ಹಾಕಬೇಕೋ, ಜೆಲ್ಲಿಫಿನ್ ಹಾಕಬೇಕೋ?

ಎರಡರ ಕೆಲಸ ಬೇರೆ. ಕೋಡಿ ಟಿವಿಯ ಮುಂದೆ ಕುಳಿತು ತೋರಿಸುವ ತಂತ್ರಾಂಶ. ಹಿಂದೆ ಎಕ್ಸ್‌ಬಾಕ್ಸ್ ಆಟದ ಯಂತ್ರಕ್ಕೆಂದು ಹುಟ್ಟಿ ಎಕ್ಸ್‌ಬಿಎಂಸಿ ಎಂಬ ಹೆಸರಿನಲ್ಲಿತ್ತು, 2014ರಲ್ಲಿ ಹೆಸರು ಬದಲಾಯಿಸಿಕೊಂಡಿತು. ಜೆಲ್ಲಿಫಿನ್ ಒಳಗಿನ ಕೋಣೆಯಲ್ಲಿ ಕುಳಿತು ಬಡಿಸುವ ತಂತ್ರಾಂಶ. ಎಂಬಿ (Emby) ಎಂಬ ಇದೇ ಬಗೆಯ ತಂತ್ರಾಂಶದ ಮೂಲ ಸಂಕೇತವನ್ನು ಮುಚ್ಚಿದಾಗ 2018ರ ಡಿಸೆಂಬರಿನಲ್ಲಿ ಅದರಿಂದ ಕವಲೊಡೆದದ್ದು, ಈಗಲೂ ಪೂರ್ತಿ ಉಚಿತ.

ಒಂದೇ ಟಿವಿ ಇದ್ದರೆ ಕೋಡಿ ಸಾಕು. ಲಿಬ್ರೆಎಲೆಕ್ ಎಂಬ ಪುಟ್ಟ ಲಿನಕ್ಸ್ ಹಾಕಿದರೆ ಯಂತ್ರ ಹೊತ್ತಿಕೊಂಡ ಕೂಡಲೇ ನೇರವಾಗಿ ಕೋಡಿಯೇ ತೆರೆಯುತ್ತದೆ, ನಡುವೆ ಡೆಸ್ಕ್‌ಟಾಪಿನ ಗೊಡವೆಯಿಲ್ಲ. ಎರಡು ಟಿವಿ, ನಾಲ್ಕು ಫೋನು ಇರುವ ಮನೆಯಾದರೆ ಡೆಬಿಯನ್ ಎಂಬ ಲಿನಕ್ಸ್ ಹಾಕಿ ಅದರ ಮೇಲೆ ಜೆಲ್ಲಿಫಿನ್. ಯಾರು ಎಲ್ಲಿಯವರೆಗೆ ನೋಡಿದ್ದಾರೆ ಎಂಬುದನ್ನು ಅದು ಪ್ರತ್ಯೇಕವಾಗಿ ನೆನಪಿಡುತ್ತದೆ. ಅಜ್ಜನ ಪ್ರಸಂಗದ ನಡುವೆ ಮೊಮ್ಮಗನ ಕಾರ್ಟೂನ್ ನುಗ್ಗುವುದಿಲ್ಲ.

ನೆಟ್‌ಫ್ಲಿಕ್ಸ್, ಪ್ರೈಮ್ ಇದರಲ್ಲಿ ಮಸುಕಾಗಿ ಕಾಣುತ್ತದೆ. ತಪ್ಪು ಎಲ್ಲಿದೆ?

ತಪ್ಪು ನಿಮ್ಮದಲ್ಲ. ಆ ಕಂಪನಿಗಳು ಬೀಗ ಹಾಕಿದ ವಿಡಿಯೊ ಕಳುಹಿಸುತ್ತವೆ, ಬೀಗದ ಉತ್ತಮ ದರ್ಜೆ ಪ್ರಮಾಣಿತ ಯಂತ್ರಗಳಿಗೆ ಮಾತ್ರ. ಲಿನಕ್ಸ್ ಬ್ರೌಸರಿಗೆ ಕೆಳದರ್ಜೆ ಸಿಗುತ್ತದೆ. ಇದಕ್ಕೆ ತಲೆಕೆಡಿಸಿಕೊಳ್ಳದೆ ಟಿವಿಯ ಸ್ವಂತ ಆ್ಯಪ್ ಬಳಸಿ.

ಅಮ್ಮನಿಗೆ ಮೌಸ್ ಹಿಡಿಯಲು ಬರುವುದಿಲ್ಲ. ರಿಮೋಟ್ ಹೇಗೆ?

ಪೈಯಲ್ಲಾದರೆ ಟಿವಿಯ ರಿಮೋಟೇ ಸಾಕು. ಎಚ್‌ಡಿಎಂಐ ತಂತಿಯ ಮೂಲಕ ಗುಂಡಿಯ ಸಂಕೇತ ದಾಟುವ ಸಿಇಸಿ ಎಂಬ ಏರ್ಪಾಡು ಅದರಲ್ಲಿದೆ. ಮಿನಿ ಪಿಸಿಗಳಲ್ಲಿ ಸಾಮಾನ್ಯವಾಗಿ ಇದು ಇರುವುದಿಲ್ಲ. ಯುಎಸ್‌ಬಿ ಗುಬುಟಿನ ಜೊತೆಗೆ ಬರುವ ವೈರ್‌ಲೆಸ್ ರಿಮೋಟ್ ಕೊಳ್ಳಿ. ಐದು ಗುಂಡಿ ಬಿಟ್ಟು ಉಳಿದವುಗಳ ಮೇಲೆ ನಾನು ಟೇಪ್ ಅಂಟಿಸಿದ್ದೇನೆ. ಆ ಮೇಲೆ ನನಗೆ ಬರುತ್ತಿದ್ದ ಕರೆಗಳು ನಿಂತವು.

ಕನ್ನಡದ ಹೆಸರುಗಳೆಲ್ಲ ಚೌಕ ಚೌಕವಾಗಿ ಕಾಣುತ್ತವೆ.

ಪರದೆಯ ವಿನ್ಯಾಸದಲ್ಲಿರುವ ಫಾಂಟಿಗೆ ಕನ್ನಡ ಗೊತ್ತಿಲ್ಲವೆಂದು ಅರ್ಥ. ಕೋಡಿಯಲ್ಲಿ ಇಂಟರ್‌ಫೇಸ್ ಸೆಟ್ಟಿಂಗಿನ ಫಾಂಟನ್ನು ಏರಿಯಲ್ ಆಧಾರಿತಕ್ಕೆ ಬದಲಾಯಿಸಿ ನೋಡಿ. ಆಗಲೂ ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾದರೆ ಫೈಲಿನ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿಟ್ಟುಬಿಡಿ. ಜೆಲ್ಲಿಫಿನ್‌ನಲ್ಲಿ ಈ ಕಾಟ ಕಡಿಮೆ, ಏಕೆಂದರೆ ಅದು ಬ್ರೌಸರಿನ ಅಥವಾ ಫೋನಿನ ಫಾಂಟ್ ಬಳಸುತ್ತದೆ. ಹಳೆಯ ನುಡಿ, ಬರಹದ ಫಾಂಟಿನಲ್ಲಿ ಬೆರಳಚ್ಚಿಸಿದ ಪಟ್ಟಿಗಳಿದ್ದರೆ ಅವನ್ನು ಯುನಿಕೋಡಿಗೆ ಪರಿವರ್ತಿಸದೆ ಯಾವ ತಂತ್ರಾಂಶವೂ ಓದಲಾರದು.

## ಆಟದ ಹಳೆಯ ಮುದ್ರಣಗಳು

ಯಕ್ಷಗಾನದ ಡಿವಿಡಿ ಹಾಕಿದರೆ ಧಿಗಿಣ ಹೊಡೆಯುವಾಗ ವೇಷದ ಅಂಚೆಲ್ಲ ಬಾಚಣಿಗೆಯಂತೆ ಸೀಳುತ್ತದೆ. ಡಿವಿಡಿ ಕೆಟ್ಟಿದೆಯೇ?

ಇಲ್ಲ, ಡಿವಿಡಿ ಸರಿಯಾಗಿಯೇ ಇದೆ. ಈ ಪ್ರಶ್ನೆಯನ್ನು ಯಾರು ಕೇಳಿದರೂ ನನಗೆ ಸಂತೋಷ, ಕಣ್ಣಿಟ್ಟು ನೋಡುವವರು ಎಂದು ತಿಳಿಯುತ್ತದೆ.

ಹಳೆಯ ಟಿವಿಯ ಕಾಲದ ಕ್ಯಾಮೆರಾಗಳು ಸೆಕೆಂಡಿಗೆ 25 ಪೂರ್ತಿ ಚಿತ್ರಗಳನ್ನು ತೆಗೆಯುತ್ತಿರಲಿಲ್ಲ. 50 ಅರ್ಧಚಿತ್ರಗಳನ್ನು ತೆಗೆಯುತ್ತಿದ್ದವು: ಒಮ್ಮೆ ಬೆಸಸಾಲುಗಳು, ಸೆಕೆಂಡಿನ ಐವತ್ತನೆಯ ಒಂದು ಭಾಗದ ಬಳಿಕ ಸಮಸಾಲುಗಳು. ಡಿವಿಡಿಯ 576 ಸಾಲುಗಳಲ್ಲಿ ಎರಡು ಬೇರೆ ಬೇರೆ ಕ್ಷಣಗಳು ಹೆಣೆದುಕೊಂಡಿರುತ್ತವೆ. ಭಾಗವತರು ಕುಳಿತಲ್ಲಿಯೇ ಇರುವುದರಿಂದ ಅವರ ಚಿತ್ರ ಸ್ವಚ್ಛ. ಪುಂಡುವೇಷ ಧಿಗಿಣದಲ್ಲಿ ಗಿರ್ರನೆ ತಿರುಗುವಾಗ ಎರಡು ಕ್ಷಣಗಳ ನಡುವೆ ಕೈ ಒಂದಿಷ್ಟು ಸರಿದಿರುತ್ತದೆ, ಬಾಚಣಿಗೆಯ ಹಲ್ಲು ಮೂಡುತ್ತದೆ.

ಕೋಡಿಯಲ್ಲಿ ವಿಡಿಯೊ ಓಡುತ್ತಿರುವಾಗಲೇ ಸೆಟ್ಟಿಂಗ್ ತೆರೆದು, ಹೆಣೆದ ಸಾಲುಗಳನ್ನು ಬೇರ್ಪಡಿಸುವ ಡೀಇಂಟರ್‌ಲೇಸ್ ಆಯ್ಕೆಯನ್ನು ಚಾಲೂ ಮಾಡಿ. ಅಲ್ಲಿಗೆ ನೋಡುವವರ ಕೆಲಸ ಮುಗಿಯಿತು. ಫೈಲನ್ನು ಸಣ್ಣದು ಮಾಡಿ ಇಟ್ಟುಕೊಳ್ಳುವವರು ಮಾತ್ರ ಎಚ್ಚರದಿಂದಿರಬೇಕು. ಹ್ಯಾಂಡ್‌ಬ್ರೇಕ್ ಎಂಬ ತಂತ್ರಾಂಶದಲ್ಲಿ ಮಾಮೂಲಿ ಡೀಇಂಟರ್‌ಲೇಸ್ ಕೊಟ್ಟರೆ 25 ಚಿತ್ರಗಳಷ್ಟೇ ಉಳಿಯುತ್ತವೆ, ಕುಣಿತದ ಅರ್ಧ ಚಲನೆ ಶಾಶ್ವತವಾಗಿ ಹೋಗುತ್ತದೆ. ಬಾಬ್ ಎಂಬ ಆಯ್ಕೆಯನ್ನು ಕೊಟ್ಟು 50 ಚಿತ್ರಗಳಾಗಿ ತೆಗೆಯಿರಿ. ವೇಷ ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ ಹೋದಂತೆ ತಡವರಿಸಿದರೆ ಸಾಲುಗಳ ಸರದಿ ತಿರುಗಿದೆ ಎಂದು ತಿಳಿಯಿರಿ. ಮಿನಿಡಿವಿ ಟೇಪಿನಲ್ಲಿ ಕೆಳಸಾಲು ಮೊದಲು, ಡಿವಿಡಿಯಲ್ಲಿ ಹೆಚ್ಚಾಗಿ ಮೇಲುಸಾಲು ಮೊದಲು. ಮದುವೆ ಸ್ಟುಡಿಯೊಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಹಾಕುವಾಗ ಈ ಎಡವಟ್ಟು ಆಗುತ್ತಿತ್ತು. ಏನೇ ಮಾಡಿದರೂ ಮೂಲ ಫೈಲನ್ನು ಅಳಿಸಬೇಡಿ.

ಇಡೀ ರಾತ್ರಿಯ ಆಟ ಹದಿನಾರು ತುಂಡಾಗಿದೆ. ಒಂದು ಮಾಡುವುದು ಹೇಗೆ? ಎಷ್ಟು ಜಾಗ ಬೇಕು?

ಮೆಮರಿ ಕಾರ್ಡಿನ ಫ್ಯಾಟ್32 ವ್ಯವಸ್ಥೆಯಲ್ಲಿ ಒಂದು ಫೈಲ್ 4 ಜಿಬಿ ಮುಟ್ಟುವಂತಿಲ್ಲ, ಅದಕ್ಕೇ ಕ್ಯಾಮೆರಾ ತುಂಡರಿಸುತ್ತದೆ. ಎಂಕೆವಿಟೂಲ್‌ನಿಕ್ಸ್ ಎಂಬ ಉಚಿತ ತಂತ್ರಾಂಶದಲ್ಲಿ ಮೊದಲ ತುಂಡನ್ನು ಹಾಕಿ, ಉಳಿದವನ್ನು ಅದಕ್ಕೆ ಜೋಡಿಸಿ. ಗುಣಮಟ್ಟ ಎಳ್ಳಷ್ಟೂ ಕೆಡುವುದಿಲ್ಲ, ಏಕೆಂದರೆ ಅದು ಹೊಲಿಯುತ್ತದೆಯೇ ಹೊರತು ಹೊಸದಾಗಿ ನೇಯುವುದಿಲ್ಲ.

ಜಾಗದ ಲೆಕ್ಕಕ್ಕೆ ಒಂದು ಸೂತ್ರ: ಸೆಕೆಂಡಿಗೆ 8 ಮೆಗಾಬಿಟ್ ಎಂದರೆ 1 ಮೆಗಾಬೈಟ್, ಗಂಟೆಗೆ 3.6 ಜಿಬಿ. 17 ಮೆಗಾಬಿಟ್ಟಿನಲ್ಲಿ ಚಿತ್ರಿಸಿದ 9 ಗಂಟೆಯ ಆಟಕ್ಕೆ ಸುಮಾರು 69 ಜಿಬಿ. ತಾಳಮದ್ದಳೆಯಾದರೆ ಅರ್ಥಧಾರಿಗಳು ಕುಳಿತೇ ಮಾತಾಡುತ್ತಾರೆ, ಚಲಿಸುವುದು ಕೈ ಮತ್ತು ತುಟಿ ಮಾತ್ರ. ಎಚ್.265ರಲ್ಲಿ 2 ಮೆಗಾಬಿಟ್ಟಿಗೆ ಇಳಿಸಿದರೂ ವ್ಯತ್ಯಾಸ ಕಾಣಲಿಲ್ಲ. ಕುಣಿತದ ಆಟಕ್ಕೆ ಆ ಜಿಪುಣತನ ಬೇಡ.

ಮದುವೆಯ ವಿಸಿಡಿ ಅಲ್ಲಲ್ಲಿ ನಿಲ್ಲುತ್ತದೆ. ಅದೇ ವಯಸ್ಸಿನ ಹಾಡಿನ ಸಿಡಿ ಓಡುತ್ತದಲ್ಲ?

ಹಾಡಿನ ಸಿಡಿಯಲ್ಲಿ ಗೀರು ಬಿದ್ದರೆ ಯಂತ್ರ ಆ ಕ್ಷಣವನ್ನು ಅಂದಾಜಿನಿಂದ ತುಂಬಿ ಮುಂದೆ ಹೋಗುತ್ತದೆ. ವಿಸಿಡಿಯಲ್ಲಿ ಹೆಚ್ಚು ವಿಡಿಯೊ ಹಿಡಿಸಲೆಂದು, ಮಾಹಿತಿಯ ಸಿಡಿಗಳಿಗೆ ಇರುವ ಹೆಚ್ಚುವರಿ ತಿದ್ದುಪಡಿಯ ಪದರವನ್ನೇ ಕೈಬಿಟ್ಟಿದ್ದಾರೆ. ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ಸುತ್ತಲೂ ತಿಕ್ಕಬೇಡಿ. ಬಳಿಕ ಬೇರೆ ಬೇರೆ ಡ್ರೈವ್‌ಗಳಲ್ಲಿ ಪ್ರಯತ್ನಿಸಿ. ಒಂದು ಓದದ್ದನ್ನು ಇನ್ನೊಂದು ಓದುತ್ತದೆ. ಬೂಷ್ಟು ಹಿಡಿದ ವಿಎಚ್‌ಎಸ್ ಟೇಪನ್ನಂತೂ ಪ್ಲೇಯರಿಗೆ ಹಾಕಲೇಬೇಡಿ, ಅದರ ಬೂಷ್ಟು ಹೆಡ್ಡಿಗೆ ಅಂಟಿ ಉಳಿದ ಟೇಪುಗಳಿಗೂ ಹರಡುತ್ತದೆ.

ಸಿನಿಮಾದಲ್ಲಿ ಮಾತು ಕೇಳುವುದಿಲ್ಲ, ಹೊಡೆದಾಟ ಬಂದರೆ ನೆರೆಮನೆಯವರು ಏಳುತ್ತಾರೆ.

ಆರು ಸ್ಪೀಕರುಗಳಿಗೆಂದು ಮಾಡಿದ 5.1 ಧ್ವನಿಯಲ್ಲಿ ಮಾತು ಇರುವುದು ನಡುವಿನ ಸ್ಪೀಕರಿನಲ್ಲಿ. ನಿಮ್ಮಲ್ಲಿರುವುದು ಎರಡೇ. ಕೋಡಿಯ ಆಡಿಯೊ ಸೆಟ್ಟಿಂಗಿನಲ್ಲಿ ಸ್ಪೀಕರುಗಳ ಸಂಖ್ಯೆಯನ್ನು 2.0 ಎಂದು ಕೊಡಿ. ಪಾಸ್‌ತ್ರೂ ಆಯ್ಕೆಯನ್ನು ತೆಗೆಯಿರಿ. ಅದು ಹೊರಗೆ ಆಂಪ್ಲಿಫೈಯರ್ ಇರುವವರಿಗೆ.

## ಸ್ವಲ್ಪ ಮುಂದೆ ಹೋದವರಿಗೆ

ಫೋನಿನಲ್ಲಿ ನೋಡಲು ಶುರು ಮಾಡಿದ ಕೂಡಲೇ ಕಂಪ್ಯೂಟರಿನ ಫ್ಯಾನ್ ಕಿರುಚುತ್ತದೆ. ಟಿವಿಯಲ್ಲಿ ಹಾಗಾಗುವುದಿಲ್ಲ.

ಫೋನಿನ ಬ್ರೌಸರಿಗೆ ಆ ಬಗೆಯ ವಿಡಿಯೊ ಗೊತ್ತಿಲ್ಲದಿರುವಾಗ ಜೆಲ್ಲಿಫಿನ್ ಅದನ್ನು ಸ್ಥಳದಲ್ಲಿಯೇ ಬೇರೆ ರೂಪಕ್ಕೆ ತಿರುಗಿಸಿ ಕಳುಹಿಸುತ್ತದೆ. ಇದು ವಿಡಿಯೊ ಬಿಡಿಸುವುದಕ್ಕಿಂತ ಭಾರವಾದ ಕೆಲಸ. ಡ್ಯಾಶ್‌ಬೋರ್ಡಿನ ಪ್ಲೇಬ್ಯಾಕ್ ವಿಭಾಗದಲ್ಲಿ ಕ್ವಿಕ್ ಸಿಂಕ್ ಆರಿಸಿ. ಆ ಭಾರ ಚಿಪ್ಪಿನ ಚಿತ್ರವಿಭಾಗಕ್ಕೆ ಹೋಗುತ್ತದೆ. ಆರಿಸಿದರೂ ಫ್ಯಾನ್ ನಿಲ್ಲದಿದ್ದರೆ ಲಿನಕ್ಸಿನಲ್ಲಿ ಜೆಲ್ಲಿಫಿನ್ ಬಳಕೆದಾರನನ್ನು, ಚಿತ್ರವಿಭಾಗ ಬಳಸಲು ಅನುಮತಿ ಕೊಡುವ ರೆಂಡರ್ ಗುಂಪಿಗೆ ಸೇರಿಸಲು ಮರೆತಿರುತ್ತೀರಿ. ಬ್ರೌಸರ್ ಬಿಟ್ಟು ಜೆಲ್ಲಿಫಿನ್‌ನ ಆ್ಯಪ್ ಬಳಸಿದರೆ ತಿರುಗಿಸುವ ಪ್ರಸಂಗವೇ ಹಲವು ಸಲ ಬರುವುದಿಲ್ಲ. ಚಿತ್ರದ ಮೇಲೆ ಅಚ್ಚಾಗುವ ಬಗೆಯ ಸಬ್‌ಟೈಟಲ್ ಕೂಡ ಇದಕ್ಕೆ ಕಾರಣವಾಗಬಹುದು.

ತಮ್ಮನ ಮನೆ ತೋಟದ ಆಚೆ ಇದೆ, 120 ಮೀಟರ್. ಅಲ್ಲಿಗೆ ಕೇಬಲ್ ಎಳೆಯಬಹುದೇ?

ತಾಮ್ರದ ಕೇಬಲ್ ಬೇಡ. 100 ಮೀಟರ್ ಅದರ ಮಿತಿ. ಅದಕ್ಕಿಂತ ಮುಖ್ಯವಾಗಿ, ಅಡಿಕೆ ಮರಗಳ ನಡುವೆ ಎರಡು ಮನೆಗಳನ್ನು ತಾಮ್ರದಿಂದ ಜೋಡಿಸಿದರೆ ಒಂದು ಮನೆಗೆ ಬಡಿದ ಸಿಡಿಲು ಇನ್ನೊಂದನ್ನೂ ವಿಚಾರಿಸಿಕೊಂಡು ಹೋಗುತ್ತದೆ. ಫೈಬರ್ ಎಳೆಯಿರಿ, ಗಾಜಿನಲ್ಲಿ ವಿದ್ಯುತ್ ಹರಿಯುವುದಿಲ್ಲ. ಮನೆಗಳಿಗೆ ಇಂಟರ್‌ನೆಟ್ ತರುವ ಕಪ್ಪು ಡ್ರಾಪ್ ಕೇಬಲ್ ಅಗ್ಗ. ಫೈಬರಿನ ಬೆಳಕನ್ನು ಮಾಮೂಲಿ ನೆಟ್‌ವರ್ಕ್ ತಂತಿಗೆ ತಿರುಗಿಸಲು ಎರಡು ತುದಿಗೂ ಒಂದೊಂದು ಮೀಡಿಯಾ ಕನ್ವರ್ಟರ್ ಬೇಕು. ಒಂದೇ ಎಳೆಯ ಫೈಬರ್ ಆದರೆ ಎ ಮತ್ತು ಬಿ ಜೋಡಿಯನ್ನೇ ಕೇಳಿ ತನ್ನಿ, ಎರಡೂ ಒಂದೇ ಬಗೆಯದ್ದಾದರೆ ಮಾತಾಡಿಕೊಳ್ಳುವುದಿಲ್ಲ. ತುದಿ ಜೋಡಿಸಲು ಊರಿನ ಕೇಬಲ್ ಟಿವಿಯವರಲ್ಲಿ ಯಂತ್ರವಿರುತ್ತದೆ.

ಡ್ರಾಪ್ ಕೇಬಲ್ಲಿನ ಬದಿಯಲ್ಲಿ ತೂಗಿಸುವುದಕ್ಕೆಂದು ಉಕ್ಕಿನ ತಂತಿ ಇರುತ್ತದೆ. ಅದನ್ನು ಮನೆಯ ಹೊರಗೇ ಸೀಳಿ ಕತ್ತರಿಸಿ, ಒಳಗೆ ತರಬೇಡಿ. ಒಳಗೂ ಬಲಕ್ಕೆಂದು ಲೋಹದ ಎಳೆ ಹಾಕಿದ್ದರೆ ಅಂಥದ್ದನ್ನು ಕೊಳ್ಳಲೇಬೇಡಿ, ನಾರಿನದ್ದು ಸಿಗುತ್ತದೆ. ಇಲ್ಲದಿದ್ದರೆ ಫೈಬರ್ ಎಳೆದೂ ಸಿಡಿಲಿಗೆ ದಾರಿ ಮಾಡಿಕೊಟ್ಟಂತೆ.

ಮಗಳು ಮಂಗಳೂರಿನ ಹಾಸ್ಟೆಲ್ಲಿನಲ್ಲಿದ್ದಾಳೆ. ಮನೆಯ ಸಂಗ್ರಹವನ್ನು ಅಲ್ಲಿಂದ ನೋಡಬಹುದೇ?

ನೋಡಬಹುದು. ಮೊದಲು ರೂಟರಿನ ಪುಟದಲ್ಲಿ ನಿಮ್ಮ ಐಪಿ ವಿಳಾಸ ನೋಡಿ. ಅದು 100.64ರಿಂದ 100.127ರವರೆಗಿನ ಸಂಖ್ಯೆಯಿಂದ ಶುರುವಾದರೆ, ಒಂದೇ ಹೊರವಿಳಾಸವನ್ನು ನಿಮ್ಮ ಕಂಪನಿ ಹಲವು ಮನೆಗಳಿಗೆ ಹಂಚಿದೆ ಎಂದರ್ಥ. ಹೊರಗಿನಿಂದ ನೇರವಾಗಿ ಬಾಗಿಲು ತಟ್ಟಲಾಗುವುದಿಲ್ಲ. ಟೇಲ್‌ಸ್ಕೇಲ್‌ನಂಥ, ವೈರ್‌ಗಾರ್ಡ್ ಎಂಬ ವಿಧಾನದ ಸುರಂಗ, ಅಂದರೆ ಇಂಟರ್‌ನೆಟ್ಟಿನೊಳಗೇ ನಿಮ್ಮ ಯಂತ್ರಗಳಿಗೆ ಮಾತ್ರ ತೆರೆಯುವ ದಾರಿ, ಹಾಕಿಕೊಂಡರೆ ಈ ತೊಡಕು ಕಳೆಯುತ್ತದೆ. ರೂಟರಿನಲ್ಲಿ ಪೋರ್ಟ್, ಅಂದರೆ ಹೊರಗಿನವರಿಗೊಂದು ಬಾಗಿಲು, ತೆರೆದು ಜೆಲ್ಲಿಫಿನನ್ನು ಬಯಲಿನಲ್ಲಿ ಇಡುವುದಕ್ಕಿಂತ ಇದು ಸುರಕ್ಷಿತವೂ ಹೌದು. ಇಲ್ಲಿ ಲೆಕ್ಕಕ್ಕೆ ಬರುವುದು ನಿಮ್ಮ ಅಪ್‌ಲೋಡ್ ವೇಗ. ಅವಳ ಖಾತೆಗೆ 3 ಅಥವಾ 4 ಮೆಗಾಬಿಟ್ಟಿನ ಮಿತಿ ಹಾಕಿ.

ಎರಡು ಡಿಸ್ಕ್ ಎಂದಿರಿ. ರೇಡ್ ಮಾಡಿದರೆ ಸಾಕಲ್ಲ?

ನೀವು ಹೇಳುವ ರೇಡ್ ಎಂದರೆ ಬರೆದದ್ದೆಲ್ಲ ಎರಡೂ ಡಿಸ್ಕಿನಲ್ಲಿ ಒಟ್ಟಿಗೆ ಬೀಳುವ ಏರ್ಪಾಡು; ಎರಡೂ ಡಿಸ್ಕ್ ಒಂದೇ ಪೆಟ್ಟಿಗೆಯಲ್ಲಿ, ಒಂದೇ ಪ್ಲಗ್ಗಿನಲ್ಲಿ. ಒಂದು ಸವೆದು ಸತ್ತರೆ ಇನ್ನೊಂದು ಕಾಯುತ್ತದೆ, ನಿಜ. ನೀವು ತಪ್ಪಿ ಒಂದು ಪ್ರಸಂಗ ಅಳಿಸಿದರೆ ಎರಡರಿಂದಲೂ ಅದೇ ಕ್ಷಣ ಹೋಗುತ್ತದೆ. ನಾನು ಎರಡನೆಯ ಡಿಸ್ಕನ್ನು ತಿಂಗಳಿಗೊಮ್ಮೆ ಸಿಕ್ಕಿಸಿ, ಆರ್‌ಸಿಂಕ್ ಎಂಬ ತಂತ್ರಾಂಶದಿಂದ ಹೊಸದನ್ನು ಮಾತ್ರ ನಕಲು ಮಾಡಿ, ಕಳಚಿ ಇಡುತ್ತೇನೆ. ಇಡುವುದು ಗಾಳಿಯಾಡದ ಡಬ್ಬದಲ್ಲಿ, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ. ಆಷಾಢದ ತೇವಕ್ಕೆ ಕಬ್ಬಿಣದ ಕಪಾಟು ಕೂಡ ಬೆವರುತ್ತದೆ. ಮಳೆಗಾಲದಲ್ಲಿ ತಿಂಗಳಿಗೆರಡು ಸಲ ಅದನ್ನು ಹತ್ತು ನಿಮಿಷ ಓಡಿಸುತ್ತೇನೆ. ಡಬ್ಬ ಈಗ ಇರುವುದು ತಂಗಿಯ ಮನೆಯಲ್ಲಿ, ಮುಳ್ಳೇರಿಯದಲ್ಲಿ.